ದೋಣಿ ನೀರಿನಲ್ಲಿ, ನೀವು ದಡದಲ್ಲಿ: ಡಿವೈಜಸ್‌ನಿಂದ ಮಾರ್ಲೋವರೆಗೆ

ಪ್ರಶ್ನೆ: ನಮ್ಮೂರು ಮೈಸೂರು, ಈಗ ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇವೆ. ಆಫೀಸಿನ ಇಬ್ಬರು ಗೆಳೆಯರು ಈಸ್ಟರ್‌ನಲ್ಲಿ ನಡೆಯುವ ಡಿವೈಜಸ್–ವೆಸ್ಟ್‌ಮಿನ್‌ಸ್ಟರ್ ದೋಣಿ ರೇಸಿಗೆ ಹೆಸರು ಕೊಟ್ಟಿದ್ದಾರೆ, ನಾಲ್ಕು ದಿನದ ವಿಭಾಗಕ್ಕೆ. ಅದಕ್ಕೂ ಮೊದಲು ಮಾರ್ಚಿನ ಒಂದು ಶನಿವಾರ, ಭಾನುವಾರ ಡಿವೈಜಸ್‌ನಿಂದ ಮಾರ್ಲೋವರೆಗೆ ಅಭ್ಯಾಸಕ್ಕೆ ಹೊರಡುತ್ತಾರೆ. ದಡದ ಮೇಲಿನ ಕೆಲಸ ನೋಡಿಕೊಳ್ಳಿ ಎಂದು ನನ್ನನ್ನೂ ನನ್ನ ಹೆಂಡತಿಯನ್ನೂ ಕೇಳಿದ್ದಾರೆ. ನಾವು ಹೂಂ ಅಂದಿದ್ದೇವೆ. ಕಾರು ಇದೆ. ಆದರೆ ನನಗೆ ಈಜು ಬರುವುದಿಲ್ಲ, ದೋಣಿ ಬಗ್ಗೆಯೂ ಏನೂ ಗೊತ್ತಿಲ್ಲ. ನಾವು ನಿಜಕ್ಕೂ ಏನು ಮಾಡಬೇಕು?

ಉತ್ತರ: ನೀವು ಹೂಂ ಅಂದದ್ದು ಕೇಳಿ ಖುಷಿಯಾಯಿತು. ನಾನು ಈ ರೇಸಿನಲ್ಲಿ ಎರಡು ಸಲ ದೋಣಿಯಲ್ಲಿ ಕೂತಿದ್ದೇನೆ. ದಡದಲ್ಲಿ ನಿಂತದ್ದು ಅದಕ್ಕಿಂತ ತುಂಬಾ ಜಾಸ್ತಿ. ದೋಣಿಯವರಿಗೆ ಒಂದೇ ಕೆಲಸ, ಹುಟ್ಟು ಹಾಕುವುದು. ಮಿಕ್ಕದ್ದೆಲ್ಲ ದಡದವರ ತಲೆ ಮೇಲಿರುತ್ತದೆ. ಇದಕ್ಕೆ ಈಜು ಬೇಕಾಗಿಲ್ಲ. ನೀವು ನೀರಿಗೆ ಇಳಿಯಲೇಬಾರದು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ಪಾದಯಾತ್ರೆ ಹೋಗುವವರನ್ನು ನೀವು ನೋಡಿರುತ್ತೀರಿ. ನಡೆಯುವವರಿಗಿಂತ ಮುಂದೆ ಪಾತ್ರೆ, ಅಕ್ಕಿ, ಚಾಪೆ ತುಂಬಿದ ಒಂದು ಟೆಂಪೊ ಹೋಗಿರುತ್ತದೆ. ಇವರು ಕಾಲೆಳೆದುಕೊಂಡು ಬರುವಷ್ಟರಲ್ಲಿ ಅಲ್ಲಿ ಒಲೆ ಉರಿಯುತ್ತಿರುತ್ತದೆ. ನಿಮ್ಮ ಕೆಲಸವೂ ಅದೇ. ದೋಣಿಯ ಹಿಂದೆ ಹೋಗುವುದಲ್ಲ, ದೋಣಿಗಿಂತ ಮೊದಲೇ ಅಲ್ಲಿರುವುದು. ಹೇಳಿದ ಜಾಗದಲ್ಲಿ, ಹೇಳಿದ ಹೊತ್ತಿಗಿಂತ ಇಪ್ಪತ್ತು ನಿಮಿಷ ಮುಂಚೆ. ಇದೊಂದನ್ನು ಸರಿಯಾಗಿ ಮಾಡಿದರೆ ಉಳಿದ ತಪ್ಪುಗಳನ್ನು ಸರಿಮಾಡಿಕೊಳ್ಳಬಹುದು.

ದಾರಿಯ ಬಗ್ಗೆ ಸ್ವಲ್ಪ ಹೇಳುತ್ತೇನೆ. ಪೂರ್ತಿ ರೇಸು 125 ಮೈಲಿ, ಅಂದರೆ ಸುಮಾರು 201 ಕಿಲೋಮೀಟರ್. ಅದರಲ್ಲಿ 77 ಕಡೆ ದೋಣಿಯನ್ನು ನೀರಿನಿಂದ ಎತ್ತಿ, ಹೊತ್ತು, ಆಚೆ ಇಳಿಸಬೇಕು. ಇದಕ್ಕೆ ಪೋರ್ಟೇಜ್ ಅನ್ನುತ್ತಾರೆ. ಕಾಲುವೆಯ ನೀರು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಲಾಕ್‌ಗಳ ಹತ್ತಿರ ಇದು ಬರುತ್ತದೆ. ಶುರುವಾದದ್ದು 1948ರ ಈಸ್ಟರ್‌ನಲ್ಲಿ. ಡಿವೈಜಸ್‌ನ ಸ್ಕೌಟ್ ಹುಡುಗರು 100 ಗಂಟೆಯೊಳಗೆ ವೆಸ್ಟ್‌ಮಿನ್‌ಸ್ಟರ್ ಮುಟ್ಟುತ್ತೇವೆ ಎಂದು ಪಣ ತೊಟ್ಟು ಹೊರಟರು, 90 ಗಂಟೆಯೊಳಗೇ ಮುಟ್ಟಿದರು. ರೆಡಿಂಗ್‌ವರೆಗಿನ ದಾರಿಯಾದ ಕೆನೆಟ್–ಏವನ್ ಕಾಲುವೆ ಆಗ ಹಾಳುಬಿದ್ದಿತ್ತು. ಅದು ಪೂರ್ತಿ ದುರಸ್ತಿಯಾಗಿ ಮತ್ತೆ ತೆರೆದದ್ದು 1990ರಲ್ಲಿ. ಈಗಲೂ ಎಲ್ಲಕ್ಕಿಂತ ವೇಗದ ದಾಖಲೆ 1979ರದ್ದೇ, 15 ಗಂಟೆ 34 ನಿಮಿಷ. ನಿಮ್ಮ ಗೆಳೆಯರು ಅಭ್ಯಾಸ ಮಾಡುವುದು ನಾಲ್ಕು ದಿನದ ರೇಸಿನ ಮೊದಲ ಎರಡು ದಿನದ ದಾರಿ. ಮೊದಲ ದಿನ ಡಿವೈಜಸ್‌ನಿಂದ ನ್ಯೂಬರಿಗೆ 34 ಮೈಲಿ. ಎರಡನೆಯ ದಿನ ನ್ಯೂಬರಿಯಿಂದ ಮಾರ್ಲೋಗೆ 36 ಮೈಲಿ.

ಈ ಎರಡು ದಿನ ಅವರಿಗೆ ಮಾತ್ರ ಅಭ್ಯಾಸ ಅಂದುಕೊಳ್ಳಬೇಡಿ, ನಿಮಗೂ ಅಭ್ಯಾಸವೇ. ಯಾವ ಸೇತುವೆ ಹತ್ತಿರ ಕಾರು ನಿಲ್ಲಿಸಲು ಜಾಗವಿದೆ, ಅಲ್ಲಿಂದ ನೀರಿಗೆ ಎಷ್ಟು ನಡೆಯಬೇಕು, ದೋಣಿ ಎಡದಲ್ಲಿ ಹತ್ತುತ್ತದೋ ಬಲದಲ್ಲೋ, ಇದೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಈಸ್ಟರ್ ದಿನ ನೂರಾರು ಕಾರುಗಳು ಅದೇ ಸಣ್ಣ ಹಳ್ಳಿ ರಸ್ತೆಗಳಲ್ಲಿ ಇರುತ್ತವೆ. ಅವತ್ತು ಹುಡುಕಲು ಸಮಯ ಇರುವುದಿಲ್ಲ.

ಹೊತ್ತಿನ ಲೆಕ್ಕ ಹೀಗೆ ಮಾಡಿ. ಸಾಧಾರಣ ತಯಾರಿ ಇರುವ ಇಬ್ಬರು ಕೆ2ನಲ್ಲಿ, ಅಂದರೆ ಇಬ್ಬರು ಕೂರುವ ಕಯಾಕ್ ದೋಣಿಯಲ್ಲಿ, ನಿಂತ ನೀರಿನ ಮೇಲೆ ಗಂಟೆಗೆ ಸುಮಾರು 9 ಕಿಲೋಮೀಟರ್ ಹೋಗುತ್ತಾರೆ. ಪ್ರತಿ ಪೋರ್ಟೇಜಿಗೆ ಎರಡು ಮೂರು ನಿಮಿಷ ಸೇರಿಸಿ. ಡಿವೈಜಸ್ ಬಿಟ್ಟ ಮೇಲೆ ಮೊದಲ 15 ಮೈಲಿ ಒಂದೂ ಲಾಕ್ ಇಲ್ಲ. ವುಟನ್ ರಿವರ್ಸ್ ಹಳ್ಳಿಯಲ್ಲಿ ಮೊದಲನೆಯದು. ಅಲ್ಲಿಗೆ ಎರಡೂವರೆಯಿಂದ ಮೂರು ಗಂಟೆ ಹಿಡಿಯುತ್ತದೆ. ಅಷ್ಟು ಹೊತ್ತು ಒಂದೇ ಭಂಗಿಯಲ್ಲಿ ಕೂತು ಕಾಲು ಮರಗಟ್ಟಿರುತ್ತದೆ. ಅದಕ್ಕೇ ಸುಮಾರು 12ನೇ ಮೈಲಿಯ ಪ್ಯೂಸಿ ವಾರ್ಫ್‌ನಲ್ಲಿ ಒಮ್ಮೆ ಕಾಣಿಸಿಕೊಳ್ಳಿ. ಅಲ್ಲಿ ಕಾರ್ ಪಾರ್ಕಿಂಗ್ ಇದೆ. ಆಮೇಲೆ ವುಟನ್ ರಿವರ್ಸ್, ಕ್ರಾಫ್ಟನ್, ಗ್ರೇಟ್ ಬೆಡ್ವಿನ್, ಹಂಗರ್‌ಫರ್ಡ್, ಕಿಂಟ್‌ಬರಿ, ಕೊನೆಗೆ ನ್ಯೂಬರಿ. ಇಷ್ಟು ಸಾಕು. ಪ್ರತಿ ಸೇತುವೆಗೂ ಓಡಬೇಡಿ, ಮಧ್ಯಾಹ್ನಕ್ಕೇ ಸುಸ್ತಾಗುತ್ತೀರಿ.

ಪ್ರತಿ ಜಾಗಕ್ಕೆ ಅವರು ಬಂದ ಹೊತ್ತು ಬರೆದಿಡಿ. ಎರಡು ಜಾಗ ಆದ ಮೇಲೆ ಅವತ್ತಿನ ನಿಜವಾದ ವೇಗ ಗೊತ್ತಾಗುತ್ತದೆ. ಮನೆಯಲ್ಲಿ ಹಾಕಿದ ಲೆಕ್ಕ ಅಲ್ಲಿಗೆ ಬಿಟ್ಟು ಇದನ್ನು ಹಿಡಿಯಿರಿ. ಎದುರು ಗಾಳಿ ಇದ್ದರೆ ಅರ್ಧ ಗಂಟೆ ತಡವಾಗುವುದು ಸಾಮಾನ್ಯ. ಫೋನನ್ನು ಪೂರ್ತಿ ನಂಬಬೇಡಿ. ಸಿಗ್ನಲ್ ಇಲ್ಲದಿದ್ದರೆ ಏನು ಮಾಡಬೇಕು ಎಂದು ಮೊದಲೇ ಮಾತಾಡಿಕೊಳ್ಳಿ. ನಮ್ಮಲ್ಲಿ ಕಟ್ಟಳೆ ಇದು: ದಡದವರು ಕಾಣದಿದ್ದರೆ ದೋಣಿ ಹತ್ತು ನಿಮಿಷ ಕಾದು ಮುಂದಿನ ಜಾಗಕ್ಕೆ ಹೋಗುತ್ತದೆ. ದೋಣಿ ಕಾಣದಿದ್ದರೆ ದಡದವರು ಜಾಗ ಬಿಡುವುದಿಲ್ಲ, ಒಬ್ಬರು ಕಾಲುದಾರಿಯಲ್ಲಿ ಹಿಂದಕ್ಕೆ ನಡೆಯುತ್ತಾರೆ. ನೀವು ಇಬ್ಬರು ಇರುವುದು ದೊಡ್ಡ ಅನುಕೂಲ. ಒಬ್ಬರು ಕಾರಿನ ಹತ್ತಿರ, ಒಬ್ಬರು ನೀರಿನ ಹತ್ತಿರ.

ಹಂಗರ್‌ಫರ್ಡ್, ಕಿಂಟ್‌ಬರಿ ಕಡೆಯೆಲ್ಲ ಕಾಲುವೆಯ ಜೊತೆಗೇ ರೈಲು ಹಳಿ ಬರುತ್ತದೆ. ಇದರಿಂದ ಒಂದು ಲಾಭ, ಒಂದು ತೊಂದರೆ. ಲಾಭ ಏನೆಂದರೆ ಬೆಡ್ವಿನ್‌ನಿಂದ ರೆಡಿಂಗ್‌ವರೆಗೆ ಸ್ಟೇಷನ್‌ಗಳು ಕಾಲುವೆ ಹತ್ತಿರವೇ ಇವೆ. ಒಬ್ಬರಿಗೆ ಮುಂದೆ ಹೋಗಲಾಗದಿದ್ದರೆ ರೈಲಿನಲ್ಲಿ ಮನೆಗೆ ಕಳಿಸಬಹುದು. ತೊಂದರೆ ಏನೆಂದರೆ ಕಿಂಟ್‌ಬರಿಯಲ್ಲಿ ಲೆವೆಲ್ ಕ್ರಾಸಿಂಗ್ ಇದೆ. ಎರಡನೆಯ ದಿನ ವುಲ್‌ಹ್ಯಾಂಪ್ಟನ್‌ನಲ್ಲೂ ಇದೆ. ನೀವು ಈಚೆ, ದೋಣಿ ಆಚೆ, ಮಧ್ಯೆ ಗೇಟು. ಅದಕ್ಕೇ ಇಪ್ಪತ್ತು ನಿಮಿಷ ಮುಂಚೆ ಎಂದದ್ದು.

ಇನ್ನು ಊಟದ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಹೆಚ್ಚಿನ ದೋಣಿಗಳು ಸೋಲುವುದು ತೋಳಿನಿಂದಲ್ಲ, ಹೊಟ್ಟೆಯಿಂದ.

ಏಳೆಂಟು ಗಂಟೆ ಹುಟ್ಟು ಹಾಕುವವರಿಗೆ ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ, ಸಕ್ಕರೆ ಒಳಗೆ ಹೋಗುತ್ತಿರಬೇಕು. ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ ಎಂದು ಲೆಕ್ಕ ಇಟ್ಟುಕೊಳ್ಳಿ. ಹಸಿವಾದಾಗ ತಿನ್ನುತ್ತೇನೆ ಅಂದರೆ ಆಗಲೇ ತಡವಾಗಿರುತ್ತದೆ. ಮೊದಲ ಗಂಟೆಯಿಂದಲೇ ಸ್ವಲ್ಪ ಸ್ವಲ್ಪ ಕೊಡಿ. ಕೈ ಕೆಸರಾಗಿರುತ್ತದೆ, ಬೆರಳು ಮರಗಟ್ಟಿರುತ್ತವೆ, ಹೆಗಲ ಮೇಲೆ ದೋಣಿ ಇರುತ್ತದೆ. ಹಾಗಾಗಿ ಪೊಟ್ಟಣ ಬಿಚ್ಚುವಂಥದ್ದು ಯಾವುದೂ ಬೇಡ. ಜೊತೆಗೆ ನಡೆಯುತ್ತಾ ಬಾಯಿಗೇ ಇಡಬೇಕು. ನಮ್ಮ ಕೈತುತ್ತು ಇದೆಯಲ್ಲ, ಅದೇ. ದೊಡ್ಡವರಿಗೆ ತುತ್ತು ಕೊಡಲು ಸಂಕೋಚ ಬೇಡ, ಎರಡನೆಯ ಲಾಕ್ ಹೊತ್ತಿಗೆ ಅವರೇ ಬಾಯಿ ತೆರೆದುಕೊಂಡು ಬರುತ್ತಾರೆ.

ಇಲ್ಲಿಯವರು ರೈಸ್ ಪುಡ್ಡಿಂಗ್, ಉಪ್ಪು ಹಾಕಿ ಬೇಯಿಸಿದ ಪುಟ್ಟ ಆಲೂಗಡ್ಡೆ, ಜೆಲ್ಲಿ ಬೇಬೀಸ್, ಗ್ಯಾಸ್ ಹೋದ ಕೋಕ್ ಕೊಡುತ್ತಾರೆ. ಎಲ್ಲವೂ ಒಳ್ಳೆಯದೇ. ನಾನು ಇವುಗಳ ಜೊತೆಗೆ ಖಾರ ಪೊಂಗಲ್ ಮಾಡಿ, ಮೆಣಸು ಕಡಿಮೆ ಹಾಕಿ, ನಿಂಬೆ ಗಾತ್ರದ ಉಂಡೆ ಕಟ್ಟಿಕೊಂಡು ಹೋಗುತ್ತೇನೆ. ಫ್ಲಾಸ್ಕಿನಲ್ಲಿ ಬಿಸಿ ಅಕ್ಕಿ ಗಂಜಿ, ಉಪ್ಪು ಹಾಕಿ, ಕುಡಿಯುವಷ್ಟು ತೆಳ್ಳಗೆ. ಸಿಹಿ ತಿಂದು ತಿಂದು ನಾಲಿಗೆ ಕೆಟ್ಟಾಗ ಈ ಗಂಜಿ ಕೆಲಸಕ್ಕೆ ಬರುತ್ತದೆ. ನನ್ನ ಜೊತೆಯ ಇಂಗ್ಲಿಷ್ ಗೆಳೆಯರು ಈಗ ಅದನ್ನೇ ಕೇಳುತ್ತಾರೆ. ಆದರೆ ಒಂದು ಎಚ್ಚರಿಕೆ. ಅವರು ಹಿಂದೆ ತಿಂದು ನೋಡದ ಯಾವುದನ್ನೂ ರೇಸಿನ ದಿನ ಕೊಡಬೇಡಿ. ಪ್ರಯೋಗ ಮಾಡಲು ಈ ಎರಡು ದಿನ ಇವೆ. ಏನು ಕೊಟ್ಟಿರಿ, ಏನು ಸೇರಿತು, ಯಾವುದು ವಾಕರಿಕೆ ತಂದಿತು, ಬರೆದಿಡಿ. ಮೂತ್ರಕ್ಕೆ ಹೋದರಾ ಅಂತಲೂ ಕೇಳಿ. ನಾಲ್ಕು ಗಂಟೆಯಾದರೂ ಹೋಗಿಲ್ಲ ಅಂದರೆ ನೀರು ಸಾಲುತ್ತಿಲ್ಲ.

"ಏನು ಬೇಕು?" ಎಂದು ಕೇಳಬೇಡಿ. ಸುಸ್ತಾದ ತಲೆಗೆ ಆ ಪ್ರಶ್ನೆ ಭಾರ. "ಏನೂ ಬೇಡ" ಅಂದುಬಿಡುತ್ತಾರೆ. "ಗಂಜಿನಾ, ಬಾಳೆಹಣ್ಣಾ?" ಎಂದು ಕೇಳಿ. ಹಾಗೆಯೇ "ಇನ್ನೇನು, ಇಲ್ಲೇ ಬಂತು" ಅನ್ನುವ ನಮ್ಮ ಮಾತು ಇಲ್ಲಿ ಬೇಡವೇ ಬೇಡ. ಪ್ರೀತಿಯಿಂದ ಹೇಳುವ ಮಾತೇ. ಆದರೆ ಅವರು ಅದನ್ನು ನಂಬಿ ಉಳಿದ ಶಕ್ತಿ ಖರ್ಚು ಮಾಡುತ್ತಾರೆ. ಮುಂದಿನ ತಿರುವಿನಲ್ಲಿ ಏನೂ ಕಾಣದಿದ್ದಾಗ ಕುಗ್ಗಿಹೋಗುತ್ತಾರೆ. "ಮುಂದಿನ ಲಾಕಿಗೆ ಎರಡು ಕಿಲೋಮೀಟರ್, ನಾನು ಎಡದಂಡೆಯಲ್ಲಿರುತ್ತೇನೆ" ಅಷ್ಟೇ ಹೇಳಿ.

ದೋಣಿ ಹೊರಲು ನೀವು ಕೈ ಜೋಡಿಸಬೇಡಿ. ರೇಸಿನಲ್ಲಿ ಅದನ್ನು ಅವರೇ ಹೊರಬೇಕು, ಈಗಲೇ ರೂಢಿಯಾಗಲಿ. ನೋಡುತ್ತಾ ನಿಲ್ಲುವುದು ಕಷ್ಟ, ನಿಜ.

ಚಳಿ. ನನಗೆ ಎಲ್ಲಕ್ಕಿಂತ ಹೆದರಿಕೆ ಇದರದ್ದು. ಮಾರ್ಚಿನಲ್ಲಿ ಆ ನೀರು ಹತ್ತು ಡಿಗ್ರಿಗಿಂತ ಕೆಳಗಿರುವುದೇ ಹೆಚ್ಚು. ಬಟ್ಟೆ ಒದ್ದೆ, ಮೇಲೆ ಗಾಳಿ. ಹುಟ್ಟು ಹಾಕುತ್ತಿರುವವರೆಗೆ ಮೈ ಬಿಸಿ ಇರುತ್ತದೆ, ನಿಂತ ಐದೇ ನಿಮಿಷಕ್ಕೆ ಇಳಿಯುತ್ತದೆ. ಒಂದು ವರ್ಷ ಹೀಗೇ ಅಭ್ಯಾಸಕ್ಕೆ ಹೋಗಿದ್ದಾಗ ನಾನು ಒಣ ಬಟ್ಟೆಯ ಚೀಲವನ್ನು ನ್ಯೂಬರಿಯಲ್ಲಿ ನಿಲ್ಲಿಸಿದ್ದ ಇನ್ನೊಂದು ಕಾರಿನಲ್ಲಿ ಬಿಟ್ಟಿದ್ದೆ. ಸಂಜೆಗೆ ತಾನೇ ಬೇಕಾಗುವುದು ಅಂದುಕೊಂಡಿದ್ದೆ. ಹಂಗರ್‌ಫರ್ಡ್ ಹತ್ತಿರ ದೋಣಿ ಮಗುಚಿತು. ಗೆಳೆಯ ದಡ ಹತ್ತಿ ನಗುತ್ತಲೇ ಇದ್ದ. ಹತ್ತು ನಿಮಿಷದಲ್ಲಿ ನಗು ನಿಂತಿತು. ಜಾಕೆಟ್ಟಿನ ಜಿಪ್ ಹಿಡಿಯಲು ಅವನ ಬೆರಳಿಗೆ ಆಗಲಿಲ್ಲ. ನಾನು ಹಾಕಿಕೊಂಡಿದ್ದ ಸ್ವೆಟರ್, ಪ್ಯಾಂಟು ಬಿಚ್ಚಿ ಅವನಿಗೆ ಹಾಕಿ, ಕಾರಿನ ಹೀಟರ್ ಹಚ್ಚಿ ಕೂರಿಸಿದೆ. ಅವನು ಸರಿಹೋದ. ಅವತ್ತಿನಿಂದ ಒಣ ಬಟ್ಟೆ ನನ್ನ ಕೈಚೀಲದಲ್ಲೇ ದಡಕ್ಕೆ ಬರುತ್ತದೆ. ಕಾರಿನಲ್ಲೂ ಬಿಡುವುದಿಲ್ಲ.

ನೀವು ನೋಡಬೇಕಾದ ಗುರುತು ಮೂರು: ಮಾತು ತೊದಲುವುದು, ಕಾಲು ಎಡವುವುದು, ಕೈಯಲ್ಲಿ ವಸ್ತು ನಿಲ್ಲದಿರುವುದು. ಅವರು "ನಾನು ಚೆನ್ನಾಗಿದ್ದೀನಿ" ಅನ್ನುತ್ತಾರೆ. ಚಳಿ ಹಿಡಿದವರಿಗೆ ತಮಗೆ ಚಳಿ ಹಿಡಿದದ್ದೇ ಗೊತ್ತಾಗುವುದಿಲ್ಲ. ಅದಕ್ಕೇ ಪ್ರತಿ ಸಲ ಒಂದು ಸಣ್ಣ ಪ್ರಶ್ನೆ ಕೇಳಿ, ಮುಂದೆ ಯಾವ ಊರು ಅಂತ. ಉತ್ತರ ತಡವಾದರೆ ಅವತ್ತಿನ ದೋಣಿ ಮುಗಿಯಿತು. ಒದ್ದೆ ಬಟ್ಟೆ ಪೂರ್ತಿ ತೆಗೆಸಿ, ಒಣ ಬಟ್ಟೆ, ಟೋಪಿ ಹಾಕಿಸಿ, ಗಾಳಿ ತಪ್ಪಿಸಿ. ಎಚ್ಚರವಾಗಿದ್ದರೆ ಬಿಸಿ ಸಿಹಿ ಚಹಾ ಕೊಡಿ. ಕೈಕಾಲು ತಿಕ್ಕಬೇಡಿ, ಬ್ರಾಂದಿ ಬೇಡ. ನಡುಕ ನಿಂತು ಮಂಕಾದರೆ 999ಕ್ಕೆ ಕರೆ ಮಾಡಿ. ಕಾಲುವೆಯ ಸೇತುವೆಗಳಿಗೂ ಲಾಕ್‌ಗಳಿಗೂ ನಂಬರ್ ಇದೆ. ಆ ನಂಬರ್ ಹೇಳಿದರೆ ಎಲ್ಲಿದ್ದೀರಿ ಎಂದು ಅವರಿಗೆ ತಿಳಿಯುತ್ತದೆ.

ದೋಣಿ ನಿಲ್ಲಿಸುವ ಹಕ್ಕು ನಿಮ್ಮದು ಎಂದು ಹೊರಡುವ ಮೊದಲೇ, ನಾಲ್ವರೂ ಕೂತು, ಬಾಯಿಬಿಟ್ಟು ಒಪ್ಪಿಕೊಳ್ಳಿ. ದಾಕ್ಷಿಣ್ಯ ನಮ್ಮವರ ಒಳ್ಳೆಯ ಗುಣ. ಇಲ್ಲಿ ಮಾತ್ರ ಅದು ಬೇಡ.

ಎರಡನೆಯ ದಿನ ಬೇರೆಯೇ ರೀತಿ ಇರುತ್ತದೆ. ನ್ಯೂಬರಿ ದಾಟಿದ ಮೇಲೆ ಕಾಲುವೆಯೊಳಗೆ ಕೆನೆಟ್ ನದಿ ಬಂದು ಸೇರುತ್ತದೆ, ಹೊರಡುತ್ತದೆ, ಮತ್ತೆ ಸೇರುತ್ತದೆ. ವುಲ್‌ಹ್ಯಾಂಪ್ಟನ್ ಲಾಕ್ ಕೆಳಗೆ ನದಿ ಪಕ್ಕದಿಂದ ಜೋರಾಗಿ ನುಗ್ಗುತ್ತದೆ, ಅಲ್ಲೇ ಕೆಳಗೆ ತಿರುಗುವ ಸೇತುವೆ. ಮಳೆಯಾದ ವಾರದಲ್ಲಿ ದೋಣಿ ಮಗುಚಲು ಅದು ತಕ್ಕ ಜಾಗ, ಅಲ್ಲಿ ನಿಂತಿರಿ. ರೆಡಿಂಗ್ ನಿಮ್ಮದೇ ಊರು. ಓರಾಕಲ್ ಮಾಲ್ ಮಧ್ಯೆ ಹರಿಯುವ ನೀರು ಇದೇ ಕೆನೆಟ್. ಬ್ಲೇಕ್ಸ್ ಲಾಕ್ ದಾಟಿ ಸ್ವಲ್ಪ ದೂರಕ್ಕೆ ಅದು ಥೇಮ್ಸ್ ಸೇರುತ್ತದೆ.

ಥೇಮ್ಸ್ ಸೇರುವ ಮೊದಲು ಒಂದು ನಿರ್ಧಾರ ಆಗಬೇಕು. ನದಿಯ ಸೆಳೆತ ಎಷ್ಟಿದೆ ಎಂದು ಎನ್ವಿರಾನ್‌ಮೆಂಟ್ ಏಜೆನ್ಸಿ ಪ್ರತಿ ಲಾಕಿನಲ್ಲೂ, ವೆಬ್‌ಸೈಟಿನಲ್ಲೂ ಹೇಳುತ್ತದೆ. ಹಳದಿ ಹಲಗೆ ಅಂದರೆ ಸೆಳೆತ ಏರುತ್ತಿದೆ ಅಥವಾ ಇಳಿಯುತ್ತಿದೆ. ಕೆಂಪು ಹಲಗೆ ಅಂದರೆ ಜೋರು ಸೆಳೆತ. ಕೆಂಪು ಇದ್ದರೆ ರೆಡಿಂಗ್‌ನಲ್ಲೇ ನಿಲ್ಲಿಸಿ ಮನೆಗೆ ಕರೆದುಕೊಂಡು ಹೋಗಿ ಊಟ ಹಾಕಿ. ಶನಿವಾರ ರಾತ್ರಿಯೇ ನೋಡಿಡಿ, ಬೆಳಿಗ್ಗೆ ಮತ್ತೆ ನೋಡಿ. ಥೇಮ್ಸ್‌ನಲ್ಲಿ ಬರುವ ಲಾಕ್‌ಗಳು ಇವು: ಸನಿಂಗ್, ಶಿಪ್ಲೇಕ್, ಹೆನ್ಲಿ ಹತ್ತಿರದ ಮಾರ್ಷ್, ಹ್ಯಾಂಬಲ್ಡನ್, ಹರ್ಲಿ, ಟೆಂಪಲ್, ಆಮೇಲೆ ಮಾರ್ಲೋ. ಪ್ರತಿ ಲಾಕಿನ ಪಕ್ಕ ವಿಯರ್ ಇರುತ್ತದೆ, ಅಂದರೆ ನದಿಗೆ ಅಡ್ಡ ಕಟ್ಟಿದ ಒಡ್ಡು. ಒಡ್ಡಿನ ಕೆಳಗೆ ನೀರು ಸುತ್ತಿ ಸುತ್ತಿ ಅಲ್ಲೇ ಹಿಡಿದಿಡುತ್ತದೆ. ಶ್ರೀರಂಗಪಟ್ಟಣದ ಸುತ್ತ ಕಾವೇರಿಯ ಕಟ್ಟೆಗಳ ಕೆಳಗೆ ಇಳಿಯಬೇಡ ಎಂದು ನಿಮ್ಮ ಮನೆಯ ಹಿರಿಯರು ಹೇಳಿರಬಹುದು. ಅದೇ ಕಾರಣ. ಕತ್ತಲಾಗುತ್ತಿದ್ದರೆ ಲಾಕಿನ ಕಡೆ ದಂಡೆಯಲ್ಲಿ ಟಾರ್ಚ್ ಹಿಡಿದು ನಿಂತು ದಾರಿ ತೋರಿಸಿ. ಬೆಳಕು ಅವರ ಕಣ್ಣಿಗೆ ಬೀಳದಂತೆ ನೆಲಕ್ಕೆ ಹಿಡಿಯಿರಿ.

ಯಾರಾದರೂ ನೀರಿಗೆ ಬಿದ್ದರೆ ನೀವು ಹಾರಬೇಡಿ. ಈಜು ಬರುವವರೂ ಹಾರಬಾರದು. ಥ್ರೋ ಬ್ಯಾಗ್ ಎಂದು ಸಿಗುತ್ತದೆ, ಚೀಲದೊಳಗೆ ಸುತ್ತಿಟ್ಟ ತೇಲುವ ಹಗ್ಗ. ಒಂದು ತುದಿ ಕೈಯಲ್ಲಿ ಹಿಡಿದು, ಹೆಸರು ಕೂಗಿ, ಅವರು ನಿಮ್ಮನ್ನು ನೋಡಿದ ಮೇಲೆ ಚೀಲವನ್ನು ಅವರ ಹೆಗಲಾಚೆಗೆ ಎಸೆಯಿರಿ. ಕೂತುಕೊಂಡು ಎಳೆಯಿರಿ, ಇಲ್ಲವಾದರೆ ನೀವೂ ಜಾರುತ್ತೀರಿ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ. ಹೋಗುವ ಮೊದಲಿನ ವಾರ ಪಾರ್ಕಿನಲ್ಲಿ ಇಬ್ಬರೂ ಇಪ್ಪತ್ತು ಇಪ್ಪತ್ತು ಸಲ ಎಸೆದು ಕಲಿಯಿರಿ.

ಕಾರಿನಲ್ಲಿ ಇರಬೇಕಾದವು: ಒಂದು ಹೆಚ್ಚುವರಿ ಹುಟ್ಟು, ಗ್ಯಾಫರ್ ಟೇಪು, ದೋಣಿ ಒರೆಸಲು ಒಣ ಬಟ್ಟೆ (ಒದ್ದೆ ಮೇಲೆ ಟೇಪು ಕೂರುವುದಿಲ್ಲ), ಚುಕ್ಕಾಣಿಗೆ ಗಟ್ಟಿ ದಾರ, ಅಲೆನ್ ಕೀ, ಪ್ರಥಮ ಚಿಕಿತ್ಸೆ ಪೆಟ್ಟಿಗೆ. ಕೆ2 ದೋಣಿ ಆರೂವರೆ ಮೀಟರ್ ಉದ್ದ ಇರುತ್ತದೆ, ಕಾರಿಗಿಂತ ಉದ್ದ. ಮುಂದೆ ಹಿಂದೆ ಎರಡೂ ಕಡೆ ಕಟ್ಟಿ, ಹಿಂದಿನ ತುದಿಗೆ ಬಣ್ಣದ ಬಟ್ಟೆ ಕಟ್ಟಿ. ಕಾಲುವೆಗೂ ಥೇಮ್ಸ್‌ಗೂ ಲೈಸೆನ್ಸ್ ಬೇಕು. ದೋಣಿಯವರ ಸಂಸ್ಥೆಯಾದ ಪ್ಯಾಡಲ್ ಯುಕೆಯ ಸದಸ್ಯರಾಗಿದ್ದರೆ ಅದರಲ್ಲೇ ಸೇರಿರುತ್ತದೆ. ಗೆಳೆಯರನ್ನು ಕೇಳಿನೋಡಿ. ಡಿವೈಜಸ್‌ನಲ್ಲಿ ರೈಲ್ವೆ ಸ್ಟೇಷನ್ ಇಲ್ಲ, ಆದ್ದರಿಂದ ಅಲ್ಲಿ ಯಾರ ಕಾರನ್ನೂ ಬಿಟ್ಟು ಬರಬೇಡಿ.

ಶನಿವಾರ ರಾತ್ರಿ ಕೈ ಸೋಪಿನಲ್ಲಿ ತೊಳೆಸಿ, ಗುಳ್ಳೆ ಒಡೆದ ಜಾಗಕ್ಕೆ ಪಟ್ಟಿ ಹಾಕಿಸಿ. ಈ ನೀರಿನಿಂದ ಇಲಿ ಜ್ವರ ಬರುವ ಸಾಧ್ಯತೆ ಇದೆ, ನಮ್ಮ ಮಲೆನಾಡಿನ ಗದ್ದೆಗಳಲ್ಲಿ ಬರುವ ಅದೇ ಜ್ವರ. ಎರಡು ಮೂರು ವಾರದೊಳಗೆ ಯಾರಿಗಾದರೂ ಜ್ವರ, ಮೈಕೈ ನೋವು ಬಂದರೆ, ಕಾಲುವೆ ನೀರಿನಲ್ಲಿದ್ದೆ ಎಂದು ಡಾಕ್ಟರಿಗೆ ಹೇಳಲೇಬೇಕು.

ನಿಮ್ಮ ಊಟ, ನಿದ್ದೆ ಮರೆಯಬೇಡಿ. ಅವರಿಗೆ ತುತ್ತು ಕೊಟ್ಟು ತಾವು ಬೆಳಿಗ್ಗೆಯಿಂದ ಖಾಲಿ ಹೊಟ್ಟೆಯಲ್ಲಿ ಕಾರು ಓಡಿಸುವವರನ್ನು ಪ್ರತಿ ವರ್ಷ ನೋಡುತ್ತೇನೆ. ಕ್ರಾಫ್ಟನ್‌ನಲ್ಲಿ ದೋಣಿಯವರು ಸಾಲು ಸಾಲು ಲಾಕ್ ದಾಟುವಾಗ ನಿಮಗೆ ಸ್ವಲ್ಪ ಬಿಡುವು ಸಿಗುತ್ತದೆ. ಅಲ್ಲಿನ ಪಂಪ್ ಹೌಸನ್ನು ಹೊರಗಿನಿಂದಾದರೂ ನೋಡಿ. 1812ರ ಬೋಲ್ಟನ್–ವಾಟ್ ಉಗಿ ಎಂಜಿನ್ ಅದರೊಳಗಿದೆ, ಇಂದಿಗೂ ನೀರೆತ್ತಬಲ್ಲದು. ನೋಡುತ್ತಾ ಪೊಂಗಲ್ ತಿನ್ನಿ.

ಈಸ್ಟರ್‌ಗೂ ನೀವೇ ನಿಲ್ಲುತ್ತೀರಿ ಅಂದುಕೊಂಡಿದ್ದೇನೆ. ಹಾಗಿದ್ದರೆ ಕೊನೆಯ ದಿನದ ಒಂದು ಜಾಗ ಹೇಳಿಬಿಡುತ್ತೇನೆ. ಕೊನೆಯ 17 ಮೈಲಿ ಸಮುದ್ರದ ಇಳಿತದ ನೀರಿನ ಮೇಲೆ ಬರುವ ದೋಣಿ, ಲ್ಯಾಂಬೆತ್ ಸೇತುವೆಗಿಂತ ಸ್ವಲ್ಪ ಮೊದಲು ಬಲದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಪಕ್ಕ ಹಾದುಹೋಗುತ್ತದೆ. ಅಲ್ಲೇ ನಮ್ಮ ಬಸವಣ್ಣನವರ ಪ್ರತಿಮೆ ಇದೆ, 2015ರ ನವೆಂಬರ್‌ನಲ್ಲಿ ಅನಾವರಣವಾದದ್ದು. ನಾನು ಪ್ರತಿ ಸಲ ಅಲ್ಲಿ ನಿಂತು ಕೂಗುತ್ತೇನೆ. ಆದರೆ ಅಲ್ಲಿಂದ ವೆಸ್ಟ್‌ಮಿನ್‌ಸ್ಟರ್ ಸೇತುವೆಗೆ ದೋಣಿ ಐದಾರು ನಿಮಿಷದಲ್ಲಿ ಮುಟ್ಟುತ್ತದೆ, ನಡೆದು ಹೋಗಲು ಅದಕ್ಕಿಂತ ಜಾಸ್ತಿ ಬೇಕು. ಆದ್ದರಿಂದ ನಿಮ್ಮಲ್ಲಿ ಒಬ್ಬರು ಬಸವಣ್ಣನವರ ಹತ್ತಿರ ನಿಲ್ಲಿ. ಇನ್ನೊಬ್ಬರು ಕಂಬಳಿ, ಒಣ ಬಟ್ಟೆ, ಗಂಜಿ ಫ್ಲಾಸ್ಕು ಹಿಡಿದುಕೊಂಡು ಸೇತುವೆ ಪಕ್ಕದ ಮೆಟ್ಟಿಲಿನ ಹತ್ತಿರ ಮೊದಲೇ ಹೋಗಿರಲಿ.